ಭಾವನ ಹೊಟ್ಟೆ ವಿಚಾರ, ಗುಂಪಿನಲ್ಲೇ ಹೇಳುತ್ತೇನೆ

ಅಕ್ಕಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಮೆಡಿಕಲ್‌ನಲ್ಲಿ ಜನ ಇದ್ದರು. ಈಗ ಶಟರ್ ಎಳೆದು ಕೂತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ. ಇದನ್ನೆಲ್ಲ ಗ್ರೂಪಿಗೆ ಯಾಕೆ ಹಾಕಿದೆ ಅಂತ ಭಾವ ಬೈಯಬಹುದು, ಬೈಯಲಿ. ಇಲ್ಲಿ ಅರ್ಧ ಜನಕ್ಕೆ ಬೇಕಾದ ವಿಷಯವೇ ಇದು, ಬಾಯಿ ಬಿಟ್ಟು ಕೇಳುವವರು ಮಾತ್ರ ಇಲ್ಲ.

ನೀನು ಬರೆದಿದ್ದು ಇಷ್ಟು. ಅಡಿಕೆ ಕೊಯ್ಲು ಮುಗಿದಾಗಿನಿಂದ, ಅಂದರೆ ಒಂದೂವರೆ ತಿಂಗಳಿಂದ, ಭಾವನಿಗೆ ಎರಡು ದಿನ ಹೊಟ್ಟೆ ಕಟ್ಟುತ್ತದೆ, ಆಮೇಲೆ ನಾಲ್ಕೈದು ಸಲ ತೆಳ್ಳಗೆ ಹೋಗುತ್ತದೆ. ಆಗಾಗ ರಕ್ತ. ಅವರೇ ಮೂಲವ್ಯಾಧಿ ಅಂತ ತೀರ್ಮಾನ ಮಾಡಿದ್ದಾರೆ. ಹೊಸನಗರದ ಕಡೆ ಯಾರೋ ಬೇರಿನ ಔಷಧಿ ಕೊಡುತ್ತಾರಂತೆ, ತರಿಸಲಾ ಅಂತ ಕೇಳಿದ್ದೀಯ. ಬೇಡ ಅಕ್ಕಾ. ಮೊದಲು ಡಾಕ್ಟರ್.

ದಿನಕ್ಕೊಂದು ಸಲ ಹೋಗಲೇಬೇಕು ಅಂತ ನಮ್ಮ ದೊಡ್ಡಮ್ಮ ಎಲ್ಲರನ್ನೂ ಹೆದರಿಸಿಟ್ಟಿದ್ದಾರೆ. ಹಾಗೇನಿಲ್ಲ. ದಿನಕ್ಕೆ 3 ಸಲ ಹೋಗುವವರೂ ಸರಿ, ವಾರಕ್ಕೆ 3 ಸಲ ಹೋಗುವವರೂ ಸರಿ. ಅವರವರ ರೂಢಿ ಅವರವರಿಗೆ. ಆ ರೂಢಿ ಕಾರಣವಿಲ್ಲದೆ ಬದಲಾಗಿ 3 ವಾರ ದಾಟಿದರೆ ತೋರಿಸಬೇಕು. ಭಾವನಿಗೆ ಎಷ್ಟು ವರ್ಷದಿಂದ ಬೆಳಿಗ್ಗೆ ಕಾಫಿ ಕುಡಿದ ತಕ್ಷಣ ಆಗುತ್ತಿತ್ತು, ಅಲ್ವಾ? ಅದೇ ಕೆಟ್ಟಿದೆ ಅಂದರೆ, ವಯಸ್ಸು ಬೇರೆ ಐವತ್ತು ದಾಟಿದೆ, ಸುಮ್ನೆ ಕೂರುವ ಹಾಗಿಲ್ಲ.

ಎಲ್ಲ ಬದಲಾವಣೆಯೂ ರೋಗ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮದುವೆ ಊಟ, ಜಾಸ್ತಿ ಹಲಸಿನ ಹಣ್ಣು, ಮಳೆಗಾಲದಲ್ಲಿ ಬಗ್ಗಡವಾದ ಬಾವಿ ನೀರು, ಇವಕ್ಕೆಲ್ಲ ನಾಲ್ಕು ದಿನ ಹೊಟ್ಟೆ ಕೆಟ್ಟು ಸರಿಹೋಗುತ್ತದೆ. ಬೇಧಿಗೆ ಓಆರ್‌ಎಸ್ ಕುಡಿಯುತ್ತಾ ಇರಿ, ನೀರು ಕುದಿಸಿ ಆರಿಸಿ ಕುಡಿಯಿರಿ. ಮಾತ್ರೆಯಿಂದಲೂ ಆಗುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಟ್ರಮಡಾಲ್ ಥರದ ನೋವಿನ ಮಾತ್ರೆ ಹೊಟ್ಟೆ ಕಟ್ಟಿಸುತ್ತವೆ. ಶುಗರಿನ ಮೆಟ್‌ಫಾರ್ಮಿನ್ ಕೆಲವರಿಗೆ ಬೇಧಿ ಮಾಡಿಸುತ್ತದೆ. ಥೈರಾಯ್ಡ್ ಕಡಿಮೆಯಾದರೂ ಹೊಟ್ಟೆ ಕಟ್ಟುತ್ತದೆ, ಅತ್ತಿಗೆ ಇದನ್ನು ಗಮನಿಸಿ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಈಗ ರಕ್ತದ ವಿಚಾರ. ಮೂಲವ್ಯಾಧಿ ಇದ್ದರೆ ಕೆಂಪು ರಕ್ತ ಬರುತ್ತದೆ, ನಿಜ. ಆದರೆ ದೊಡ್ಡ ಕರುಳಿನ ಕೊನೆಯಲ್ಲಿ ಗಡ್ಡೆ ಇದ್ದರೂ ಅದೇ ಕೆಂಪು ರಕ್ತ ಬರುತ್ತದೆ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ನೋಡಿದ ಮಾತ್ರಕ್ಕೆ ಭಾವನಿಗೂ ತಿಳಿಯುವುದಿಲ್ಲ, ಕೌಂಟರಿನ ಈಚೆ ನಿಂತ ನನಗೂ ತಿಳಿಯುವುದಿಲ್ಲ. ನನ್ನ ಅಂಗಡಿಗೆ ಬಂದು ಮೆಲ್ಲಗೆ ‘ಪೈಲ್ಸ್‌ಗೆ ಒಂದು ಟ್ಯೂಬ್ ಕೊಡಿ’ ಅಂತ ತಿಂಗಳುಗಟ್ಟಲೆ ಒಯ್ಯುವವರಿಗೆಲ್ಲ ನಾನು ಇದನ್ನೇ ಹೇಳುವುದು, ಒಂದು ಸಲ ಪರೀಕ್ಷೆ ಮಾಡಿಸಿ, ಮೂಲವ್ಯಾಧಿಯೇ ಅಂತ ಆದಮೇಲೆ ಎಷ್ಟು ಟ್ಯೂಬ್ ಬೇಕಾದರೂ ಒಯ್ಯಿರಿ. ವ್ಯಾಪಾರ ನನಗೂ ಬೇಕು, ಆದರೆ ಹೀಗಲ್ಲ.

ಬೀಟ್‌ರೂಟ್ ತಿಂದ ಮರುದಿನ ಕೆಂಪಗೆ ಕಂಡರೆ ಹೆದರಬೇಡಿ. ಕಬ್ಬಿಣದ ಮಾತ್ರೆ ತಿನ್ನುವವರಿಗೆ ಕಪ್ಪಗೆ ಹೋಗುತ್ತದೆ, ಅದೂ ಸಹಜ. ಆದರೆ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ ಮೇಲೆ ಜಠರದಲ್ಲೋ ಸಣ್ಣ ಕರುಳಿನಲ್ಲೋ ರಕ್ತ ಸೋರುತ್ತಿರಬಹುದು. ಮಂಡಿನೋವಿಗೆ ದಿನಾ ಮಾತ್ರೆ ನುಂಗುವವರು, ಹೃದಯಕ್ಕೆ ಆಸ್ಪಿರಿನ್ ತಗೊಳ್ಳುವವರು ಇದನ್ನು ನೆನಪಿಡಿ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗುತ್ತಿಲ್ಲ ಅಂದರೆ ರಾತ್ರಿಯಾದರೂ ಗಾಡಿ ಹತ್ತಿಸಿ. ಆಗ ಹರಳೆಣ್ಣೆ, ಇಸಬ್‌ಗೋಲ್ ಏನನ್ನೂ ಕೊಡಬೇಡಿ. ಕರುಳು ಕಟ್ಟಿದ್ದರೆ ಇನ್ನೂ ಅಪಾಯ. ತುಂಬಾ ರಕ್ತ ಹೋಗಿ ತಲೆ ಸುತ್ತಿದರೂ ಹಾಗೆಯೇ, 108ಕ್ಕೆ ಫೋನ್ ಮಾಡಿ.

ಭಾವನನ್ನು ಇನ್ನೂ ಎರಡು ಮಾತು ಕೇಳು. ಹೋಗಿ ಬಂದಮೇಲೂ ಪೂರ್ತಿ ಆಗಲಿಲ್ಲ ಅನ್ನಿಸುತ್ತದಾ? ಪಂಚೆ ಸಡಿಲವಾಗಿದೆಯಾ, ಅಂದರೆ ತೂಕ ಇಳಿದಿದೆಯಾ? ತೋಟದ ದರೆ ಹತ್ತುವಾಗ ಏದುಸಿರು ಬರುತ್ತಿದೆ ಅಂತ ಹೋದ ವಾರ ಅವರೇ ಅಂದಿದ್ದರು. ವಯಸ್ಸಾಯಿತು ಅಂತ ನಾವೆಲ್ಲ ನಕ್ಕೆವು. ರಕ್ತ ಕಡಿಮೆಯಾದರೂ ಹಾಗಾಗುತ್ತದೆ. ಹಿಮೋಗ್ಲೋಬಿನ್ ನೋಡಿಸಲೇಬೇಕು. ಅವರ ಅಪ್ಪ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ ಅಂತಲೂ ವಿಚಾರಿಸು, ಡಾಕ್ಟರ್ ಕೇಳುತ್ತಾರೆ.

ಅಲ್ಲಿ ಏನು ಮಾಡುತ್ತಾರೆ ಅಂತ ಭಾವನಿಗೆ ಭಯ ಇರುತ್ತದೆ. ಬೆರಳಿಟ್ಟು ನೋಡುತ್ತಾರೆ, ಒಂದು ನಿಮಿಷದ ಕೆಲಸ. ಬೇಕು ಅನ್ನಿಸಿದರೆ ಕೊಲೊನೋಸ್ಕೋಪಿ ಬರೆಯುತ್ತಾರೆ, ಅಂದರೆ ಕ್ಯಾಮೆರಾ ಇರುವ ತೆಳ್ಳಗಿನ ನಳಿಗೆಯನ್ನು ಹಿಂದಿನಿಂದ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವುದು. ನಿಜವಾಗಿ ಕಷ್ಟ ಇರುವುದು ಅದರ ಹಿಂದಿನ ದಿನ, ಔಷಧಿ ನೀರು ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳುವುದರಲ್ಲಿ. ಪರೀಕ್ಷೆಗೆ ಸಾಮಾನ್ಯವಾಗಿ ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ. ಒಳಗೆ ಸಣ್ಣ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು, ಸಿಕ್ಕಿದರೆ ಎಷ್ಟೋ ಸಲ ಅಲ್ಲೇ ತೆಗೆದುಬಿಡುತ್ತಾರೆ. ಪಾಲಿಪ್ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ವರ್ಷಗಳೇ ಬೇಕು, ಅಷ್ಟರೊಳಗೆ ಸಿಕ್ಕಿದರೆ ಅಲ್ಲಿಗೇ ಮುಗಿಯಿತು. ಏನೂ ಇಲ್ಲ ಅಂತ ಬಂದರೆ ಇನ್ನೂ ಒಳ್ಳೆಯದು.

ಸೋಮವಾರ ಶಿವಮೊಗ್ಗಕ್ಕೆ ಹೊರಡಿ. ಮೆಗ್ಗಾನ್ ಆಸ್ಪತ್ರೆ ಆದರೂ ಸರಿ, ನಿಮಗೆ ಗೊತ್ತಿರುವ ಡಾಕ್ಟರ್ ಆದರೂ ಸರಿ. ತಿನ್ನುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಳ್ಳಿ, ತ್ರಿಫಲಾ ಪುಡಿ ಡಬ್ಬಿ ಸಮೇತ. ರಕ್ತ ಯಾವಾಗ ಶುರುವಾಯಿತು ಅಂತ ಚೀಟಿಯಲ್ಲಿ ಬರೆದುಕೋ, ಭಾವ ಅಲ್ಲಿ ಹೋಗಿ ‘ಏನಿಲ್ಲ, ಸ್ವಲ್ಪ ಗ್ಯಾಸ್’ ಅಂದುಬಿಡುತ್ತಾರೆ. ನೀನೂ ಜೊತೆಗೆ ಒಳಗೆ ಹೋಗು. ಗಾಡಿ ಬೇಕಾದರೆ ಭಾನುವಾರ ಸಂಜೆಯೊಳಗೆ ಹೇಳು, ನಾನೇ ಬರುತ್ತೇನೆ.