‘ಶ್ರೀಮಂತ ಪ್ರಭುತ್ವ’ ಎಂದರೆ ಯಾರ ಆಳ್ವಿಕೆ?

ಮಾನ್ಯರೇ,

ಅರಿಸ್ಟಾಟಲನ ‘ಪಾಲಿಟಿಕ್ಸ್’ ಗ್ರಂಥದ ಮೂರನೆಯ ಸಂಪುಟದ ಕೆಲವು ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪದದ ಬಳಿ ನಿಂತು ವಾರವಾಯಿತು. ಅಲ್ಲಿ ಆಳ್ವಿಕೆಯ ಆರು ಬಗೆಗಳು ಬರುತ್ತವೆ. ಆಳುವವರು ಒಬ್ಬನಿರಲಿ, ಕೆಲವರಿರಲಿ, ಹಲವರಿರಲಿ, ಎಲ್ಲರ ಹಿತಕ್ಕಾಗಿ ಆಳಿದರೆ ಅದು ಸರಿಯಾದ ರೂಪ. ತಮ್ಮ ಹಿತಕ್ಕಾಗಿ ಆಳಿದರೆ ಕೆಟ್ಟ ರೂಪ. ಕೆಲವರ ಆಳ್ವಿಕೆ ಸರಿಯಿದ್ದರೆ ‘ಅರಿಸ್ಟೊಕ್ರಾತಿಯಾ’, ಕೆಟ್ಟರೆ ‘ಒಲಿಗಾರ್ಖಿಯಾ’.

ಮೊದಲನೆಯದಕ್ಕೆ ನಮ್ಮಲ್ಲಿ ‘ಶ್ರೀಮಂತ ಪ್ರಭುತ್ವ’ ಎಂಬ ಪದ ಬಳಕೆಯಲ್ಲಿದೆ. ನನ್ನ ತಕರಾರು ಇದರ ಮೇಲೆಯೇ. ‘ಅರಿಸ್ಟೊಸ್’ ಎಂದರೆ ಅತ್ಯುತ್ತಮ. ಹಣದ ಮಾತು ಅದರಲ್ಲಿಲ್ಲ. ಹಣದ ಮಾತು ಬರುವುದು ಒಲಿಗಾರ್ಖಿಯಾದಲ್ಲಿ. ಅದನ್ನು ಗುರುತಿಸಬೇಕಾದದ್ದು ತಲೆ ಎಣಿಸಿ ಅಲ್ಲ, ಸಿರಿತನ ನೋಡಿ ಎಂದು 8ನೆಯ ಅಧ್ಯಾಯದಲ್ಲಿ ಅವನೇ ಬಿಡಿಸಿ ಹೇಳುತ್ತಾನೆ. ಧನಿಕರು ತಮ್ಮ ಧನದ ಬಲದಿಂದ ಆಳಿದರೆ, ಅವರು ಹಲವರಿದ್ದರೂ ಅದು ಒಲಿಗಾರ್ಖಿಯಾ; ಬಡವರು ಆಳಿದರೆ ಡೆಮೊಕ್ರಾತಿಯಾ. ಎಲ್ಲ ಕಡೆಯೂ ಧನಿಕರು ಕೆಲವರೇ ಇರುವುದರಿಂದ ‘ಕೆಲವರು’ ಎಂಬ ಹೆಸರು ನಿಂತಿದೆ, ಅಷ್ಟೆ. ಹೀಗಿರುವಾಗ ‘ಶ್ರೀಮಂತ ಪ್ರಭುತ್ವ’ವನ್ನು ಒಳ್ಳೆಯ ರೂಪಗಳ ಸಾಲಿನಲ್ಲಿ ಓದಿದ ವಿದ್ಯಾರ್ಥಿಗೆ, ಅರಿಸ್ಟಾಟಲ್ ತೆಗಳಿದ್ದನ್ನೇ ಹೊಗಳಿದಂತೆ ಕಾಣುತ್ತದೆ.

ಪದವನ್ನು ಕಟ್ಟಿದವರನ್ನು ದೂರುತ್ತಿಲ್ಲ. ‘ಶ್ರೀ’ಯಲ್ಲಿ ಕಾಂತಿ, ಘನತೆಗಳೂ ಇವೆ, ಪೇಶ್ವೆಗಳ ಹೆಸರಿಗೆ ‘ಶ್ರೀಮಂತ’ ಎಂಬುದು ಗೌರವದ ಬಿರುದಾಗಿಯೇ ಸೇರುತ್ತಿತ್ತು. ಫ್ರಾನ್ಸಿನ ಜಮೀನುದಾರ ಮನೆತನಗಳ ಬಗ್ಗೆ ಬರೆಯುವಾಗ ಆ ಪದ ಒಗ್ಗೀತು. ಆದರೆ ಇಂದಿನ ಕನ್ನಡದ ಕಿವಿಗೆ ಶ್ರೀಮಂತ ಎಂದರೆ ಹಣವಂತ ಮಾತ್ರ. ‘ಕುಲೀನ ಪ್ರಭುತ್ವ’ ಎಂದರೆ ತೂಕ ಹುಟ್ಟಿನ ಕಡೆಗೆ ವಾಲುತ್ತದೆ. ಪ್ಲೇಟೊನಲ್ಲಿಯಾದರೋ, ಮನುಷ್ಯರ ಯೋಗ್ಯತೆಯನ್ನು ಅವರಲ್ಲಿ ಬೆರೆತ ಲೋಹಗಳಾಗಿ ಹೇಳುವ ಕಥೆಯೊಂದಿದೆ; ಅದರಂತೆ ಆಳುವವರ ಮಗನಲ್ಲಿ ಕಂಚು ಅಥವಾ ಕಬ್ಬಿಣದ ಅಂಶ ಕಂಡರೆ ಕನಿಕರವಿಲ್ಲದೆ ಅವನನ್ನು ಕುಶಲಕರ್ಮಿಗಳ, ರೈತರ ನಡುವೆ ಸೇರಿಸಬೇಕು. ಅಲ್ಲಿ ಕುಲವೊಂದೇ ಸಾಲದು.

ನಾನು ಸದ್ಯಕ್ಕೆ ‘ಉತ್ತಮರ ಆಳ್ವಿಕೆ’ ಎಂದು ಬರೆದುಕೊಂಡಿದ್ದೇನೆ. ಒಲಿಗಾರ್ಖಿಯಾಕ್ಕೆ ‘ಧನಿಕ ಪ್ರಭುತ್ವ’ ಎನ್ನುವ ಆಸೆಯಾಯಿತು, ತಡೆದುಕೊಂಡೆ. ಹೆಸರು ಸಂಖ್ಯೆಯದು, ತಿರುಳು ಹಣದ್ದು ಎಂಬುದೇ ಅವನ ವಾದ. ಹೆಸರಿನಲ್ಲೇ ಧನಿಕರನ್ನು ಕೂರಿಸಿದರೆ ವಾದಕ್ಕೆ ಕೆಲಸವಿರುವುದಿಲ್ಲ. ಆದ್ದರಿಂದ ‘ಕೆಲವರ ಆಳ್ವಿಕೆ’.

ಇನ್ನು ‘ಪೊಲಿತೇಯಾ’. ಹಲವರು ಎಲ್ಲರ ಹಿತಕ್ಕಾಗಿ ಆಳುವ ರೂಪದ ಹೆಸರು ಇದು. ಆರೂ ರೂಪಗಳಿಗೆ ಸಾಮಾನ್ಯವಾದ ಹೆಸರೂ ಇದೇ. ಪ್ಲೇಟೊನ ‘ರಿಪಬ್ಲಿಕ್’ನ ಗ್ರೀಕ್ ಶೀರ್ಷಿಕೆಯೂ ಅದೇ. ‘ಸಂವಿಧಾನ’ ಎಂದರೆ ನಮಗೆ 1950ರಲ್ಲಿ ಜಾರಿಯಾದ ಲಿಖಿತ ಗ್ರಂಥ ಕಣ್ಣ ಮುಂದೆ ಬರುತ್ತದೆ. ‘ರಾಜ್ಯವ್ಯವಸ್ಥೆ’ ಸಾಮಾನ್ಯ ಅರ್ಥಕ್ಕೆ ಸಾಕು, ವಿಶೇಷಾರ್ಥಕ್ಕೆ ಸಾಲದು. ನಗರರಾಜ್ಯ ಎಂಬರ್ಥದ ಗ್ರೀಕಿನ ‘ಪೊಲಿಸ್’ ಮತ್ತು ನಮ್ಮ ‘ಪುರ’ ಒಂದೇ ಮೂಲದವು ಎನ್ನುತ್ತಾರೆ. ಹಾಗಾಗಿ ‘ಪೌರವ್ಯವಸ್ಥೆ’ ಎಂಬುದು ನನ್ನ ಮನಸ್ಸಿಗೆ ಹತ್ತಿರವಾಗಿದೆ. ಆದರೆ ಪೌರಾಯುಕ್ತ, ಪೌರಕಾರ್ಮಿಕ ಎಂಬ ಪದಗಳ ನಡುವೆ ಬಾಳುತ್ತಿರುವ ‘ಪೌರ’ ಅಷ್ಟು ಭಾರವನ್ನು ಹೊರಬಲ್ಲದೇ? ಸಾಮಾನ್ಯ, ವಿಶೇಷ ಎರಡಕ್ಕೂ ಸಲ್ಲುವ ಒಂದೇ ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.