ಇಳಿದುಬಂದ ಫೈಲ್

ಭಾನುವಾರ ಬೆಳಗ್ಗೆ ನಮ್ಮ ಪಾಲಿಟೆಕ್ನಿಕ್ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಗುಡ್ ಮಾರ್ನಿಂಗ್ ಹೂವುಗಳನ್ನೂ ಎರಡು ಹುಟ್ಟುಹಬ್ಬದ ಕೇಕುಗಳನ್ನೂ ತೆಗೆದು ಉಳಿದದ್ದನ್ನು ಹಾಕಿದ್ದೇನೆ. ಸುಧಾ ಅಂದರೆ ನಾನೇ, ಬ್ಯಾಚಿನ ಸೈಟನ್ನು ಪಿಎಚ್‌ಪಿ ಭಾಷೆಯಲ್ಲಿ ಬರೆದವಳು. ಜಗಳಕ್ಕೆ ಕಾರಣವಾದ ಜಿಡಿಬಿಎಂ ಅಂದರೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುವ ಸಣ್ಣ ಡೇಟಾಬೇಸ್; ಡಿಬಿಎ ಅಂತ ಶುರುವಾಗುವುದೆಲ್ಲ ಪಿಎಚ್‌ಪಿಯಿಂದ ಅದಕ್ಕೆ ಕೊಡುವ ಆಜ್ಞೆಗಳು.

ಪ್ರಕಾಶ: (ಫೈಲ್: ಮೆಂಬರ್ಸ್.ಜಿಡಿಬಿಎಂ)

ಪ್ರಕಾಶ: ಇದೇನು ಗೊತ್ತಾ? ನಮ್ಮ ಬ್ಯಾಚ್ ಸೈಟಿನ ಇಡೀ ಡೇಟಾಬೇಸ್. ಹ್ಯಾಕ್ ಗೀಕ್ ಏನೂ ಮಾಡಿಲ್ಲ. ಸೈಟಿನ ವಿಳಾಸದ ಮುಂದೆ ಸುಮ್ನೆ ಡೇಟಾ ಅಂತ ಹೊಡೆದೆ, ಫೈಲುಗಳ ಪಟ್ಟಿ ಬಂತು. ಒತ್ತಿದೆ, ಇಳಿದುಬಂತು.

ನಾಗರಾಜ: ನನ್ನ ಮೊಬೈಲಿನಲ್ಲಿ ತೆರೆಯುತ್ತಿಲ್ಲವಲ್ಲೋ.

ಪ್ರಕಾಶ: ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ಹಾಕಿ ತೆರೆ. ಕಸದ ಮಧ್ಯೆ ಎಲ್ಲರ ಹೆಸರು, ನಂಬರ್ ಕಾಣುತ್ತದೆ.

ಶಾಹಿನ್: ಮೊದಲು ಅದನ್ನು ಇಲ್ಲಿಂದ ತೆಗಿ. ಈ ಗುಂಪಿನಲ್ಲಿ ಇಲ್ಲದವರ ನಂಬರೂ ಇದೆ ಅದರಲ್ಲಿ.

ಪ್ರಕಾಶ: (ಈ ಸಂದೇಶವನ್ನು ಅಳಿಸಲಾಗಿದೆ)

ಪ್ರಕಾಶ: ತೆಗೆದೆ. ಆದರೆ ಕೇಳುತ್ತೇನೆ, ಈ ಕಾಲದಲ್ಲೂ ಪಿಎಚ್‌ಪಿಯಿಂದ ಒಂದು ಫೈಲಿಗೆ ಡೇಟಾ ಬರೆಯುವುದಾ? ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಸರ್ವರ್ ಇರಲಿಲ್ವಾ? ಸುಧಾ, ಬಾ ಇಲ್ಲಿ.

ಸುಧಾ: ಬಂದೆ. ತಪ್ಪು ನನ್ನದೇ, ಒಪ್ಪಿಕೊಂಡೆ. ಆದರೆ ನೀನು ಬೈಯುತ್ತಿರುವುದು ಬೇರೆ ತಪ್ಪಿಗೆ. ಫೈಲನ್ನು ಹೊರಗಿನವರಿಗೂ ತೆರೆದಿರುವ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್ ಒಳಗೆ ಇಟ್ಟದ್ದು ತಪ್ಪು. ಅದರ ಹೊರಗೆ, ಒಂದು ಮೆಟ್ಟಿಲು ಮೇಲೆ ಇಟ್ಟಿದ್ದರೆ ಬ್ರೌಸರಿಗೆ ಸಿಗುತ್ತಲೇ ಇರಲಿಲ್ಲ. ಫೈಲಿನಲ್ಲಿ ಇಟ್ಟದ್ದು ತಪ್ಪಲ್ಲ.

ಪ್ರಕಾಶ: ಮೈಎಸ್‌ಕ್ಯೂಎಲ್ ಆಗಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಶಾಹಿನ್: ಬರುತ್ತಿತ್ತು. ಬ್ಯಾಕಪ್ ಅಂತ ಡಂಪ್, ಅಂದರೆ ಇಡೀ ಡೇಟಾದ ಪ್ರತಿ ತೆಗೆದು ಅದೇ ಫೋಲ್ಡರಿನಲ್ಲಿ ಬಿಟ್ಟವರನ್ನು ನಾನು ಎಷ್ಟೋ ನೋಡಿದ್ದೇನೆ.

ನಾಗರಾಜ: ಒಂದು ನಿಮಿಷ. ನಾನು ಆಗಲೇ ಇಳಿಸಿಕೊಂಡಿದ್ದೆ, ಈಗ ಲ್ಯಾಪ್‌ಟಾಪಿನಲ್ಲಿ ತೆರೆದೆ. ನನ್ನ ಹಳೇ ನಂಬರ್ ಇದೆ! ಸಾಲದವರ ಕಾಟಕ್ಕೆ ಅದನ್ನು ತೆಗೆಸು ಅಂತ ಸುಧಾಗೆ ಹೇಳಿದ್ದೆ. ತೆಗೆದೆ ಅಂದಿದ್ದೆಯಲ್ಲೇ?

ಸುಧಾ: ತೆಗೆದಿದ್ದೆ ಕಣೋ, ಡಿಬಿಎ ಡಿಲೀಟ್ ಕೊಟ್ಟಿದ್ದೆ. ಸೈಟಿನಲ್ಲಿ ಹುಡುಕಿದರೆ ಸಿಗಲ್ಲ ನೋಡು.

ಶಾಹಿನ್: ಇಬ್ಬರೂ ಹೇಳುತ್ತಿರುವುದು ಸರಿ. ಜಿಡಿಬಿಎಂ ಅಳಿಸುವಾಗ ಆ ಜಾಗ ಖಾಲಿ ಅಂತ ಬರೆದುಕೊಳ್ಳುತ್ತದೆ ಅಷ್ಟೇ. ಒಳಗಿನ ಅಕ್ಷರ ಒರೆಸುವುದಿಲ್ಲ. ಅಲ್ಲಿ ಬೇರೆ ಏನಾದರೂ ಬಂದು ಕೂರುವ ತನಕ ಹಾಗೇ ಇರುತ್ತದೆ. ಫೈಲೂ ಸಣ್ಣದಾಗಲ್ಲ. ಡಿಬಿಎ ಆಪ್ಟಿಮೈಸ್ ಕೊಟ್ಟರೆ ಉಳಿದದ್ದನ್ನು ಹೊಸದಾಗಿ ಬರೆದು ಹಳೆಯದನ್ನು ಬಿಸಾಕುತ್ತದೆ.

ನಾಗರಾಜ: ಬಾಡಿಗೆದಾರ ಖಾಲಿ ಮಾಡಿದ, ಟ್ರಂಕು ಇಲ್ಲೇ ಇದೆ ಅನ್ನು.

ಮೇಷ್ಟ್ರು: ಜಗಳ ಆಡುವ ಮೊದಲು ಅದು ಏನು ಅಂತ ಉಳಿದವರಿಗೂ ಹೇಳಿ. ಡಿಬಿಎಂ ನಿಮಗಿಂತ ಹಿರಿಯದು. 1979ರಲ್ಲಿ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಜೊತೆ ಬಂತು, ಬರೆದದ್ದು ಕೆನ್ ಥಾಂಪ್ಸನ್. ಜಿಡಿಬಿಎಂ ಅದೇ ವಂಶದ್ದು.

ಸುಧಾ: ನಮಸ್ಕಾರ ಸರ್. ಹೇಳುತ್ತೇನೆ. ದೇವಸ್ಥಾನದ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇರುತ್ತಲ್ಲ, ಹಾಗೆ. ಟೋಕನ್ ಕೊಟ್ಟರೆ ತಕ್ಷಣ ನಿಮ್ಮ ಜೋಡಿ ಕೈಗೆ ಬರುತ್ತದೆ. ಸಾವಿರ ಜೋಡಿ ಇದ್ದರೂ ಅವನು ಒಂದೊಂದನ್ನೇ ಎತ್ತಿ ನೋಡಲ್ಲ. ನಮ್ಮ ಸೈಟಿನಲ್ಲಿ ಟೋಕನ್ ಅಂದರೆ ರಿಜಿಸ್ಟರ್ ನಂಬರ್. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ತೆರೆ, ಕೇಳು, ಮುಚ್ಚು.

ಪ್ರಕಾಶ: ಸ್ಟ್ಯಾಂಡಿನಲ್ಲಿ ಬಾಟಾ ಚಪ್ಪಲಿ ಎಷ್ಟಿದೆ ಅಂತ ಕೇಳಿ ನೋಡು.

ಸುಧಾ: ಆಗ ಎಲ್ಲವನ್ನೂ ಎಣಿಸಬೇಕು. ಫಸ್ಟ್ ಕೀ, ನೆಕ್ಸ್ಟ್ ಕೀ ಅಂತ ಒಂದೊಂದೇ ಟೋಕನ್ ತೆಗೆದು ನೋಡಬೇಕು. ಅದೂ ನಾವು ಹಾಕಿದ ಕ್ರಮದಲ್ಲಿ ಬರಲ್ಲ, ತನಗೆ ಬೇಕಾದ ಹಾಗೆ ಬರುತ್ತದೆ. ನೂರು ಜನರ ಪಟ್ಟಿಗೆ ಅದೇನು ಹೊರೆ ಹೇಳು.

ಪ್ರಕಾಶ: ಹೋದ ಸಲದ ಊಟದ ಲೆಕ್ಕ ಮರೆತೆಯಾ?

(ಮರೆತಿಲ್ಲ. ಈ ಗುಂಪು ಮರೆಯಲು ಬಿಡುವುದೂ ಇಲ್ಲ.)

ನಾಗರಾಜ: ಯಾವ ಲೆಕ್ಕ? ನನಗೆ ಹೋಳಿಗೆ ಸಿಗದಿದ್ದದ್ದಾ?

ಸುಧಾ: ಅದೇ. ಎಲ್ಲ ಹೇಳಿಬಿಡುತ್ತೇನೆ. ಇದರಲ್ಲಿ ಒಂದು ಕೀಗೆ, ಅಂದರೆ ಟೋಕನ್ನಿಗೆ, ಒಂದೇ ಸ್ಟ್ರಿಂಗ್, ಅಕ್ಷರಗಳ ಒಂದೇ ಸರ. ಕಾಲಂ ಇಲ್ಲ. ಹಾಗಾಗಿ ಹೆಸರು, ಊರು, ವಿಳಾಸ, ಊಟ ಎಲ್ಲವನ್ನೂ ಮಧ್ಯೆ ಒಂದು ಉದ್ದ ಗೆರೆ ಹಾಕಿ ಸೇರಿಸಿ ಇಟ್ಟಿದ್ದೆ. ಯಾರೋ ಪುಣ್ಯಾತ್ಮರು ವಿಳಾಸದಲ್ಲೇ ಆ ಗೆರೆ ಹೊಡೆದರು. ಒಂದು ಮನೆ ಆಚೆ ಜರುಗಿತು. ಊಟ ಸಸ್ಯಾಹಾರವೋ ಮಾಂಸಾಹಾರವೋ ಅನ್ನುವ ಜಾಗದಲ್ಲಿ ಶಿರಸಿ ಅಂತ ಬಂತು.

ಶಾಹಿನ್: ಜೇಸನ್ ಎನ್‌ಕೋಡ್ ಮಾಡಿ, ಅಂದರೆ ಪ್ರತಿ ಮಾಹಿತಿಗೂ ಅದರ ಹೆಸರು ಕಟ್ಟಿ ಇಡಬೇಕಿತ್ತು.

ಸುಧಾ: ಈಗ ಹಾಗೇ ಇಡುತ್ತಿದ್ದೇನೆ. ಆದರೆ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲಲ್ಲ. ಜಿಡಿಬಿಎಂನಲ್ಲಿ ಓದುವವರು ಎಷ್ಟು ಜನ ಬೇಕಾದರೂ ಒಟ್ಟಿಗೆ ಇರಬಹುದು. ಬರೆಯಲು ತೆರೆದರೆ ಮಾತ್ರ ಒಬ್ಬರೇ, ಉಳಿದವರೆಲ್ಲ ಬಾಗಿಲ ಹೊರಗೆ. ನಾನು ಬರೆಯಲು ತೆರೆದು, ಹೆಸರು ಹಾಕಿ, ನೋಂದಣಿ ಆಯಿತು ಅಂತ ಮೇಲ್ ಕಳಿಸಿ, ಆಮೇಲೆ ಮುಚ್ಚುತ್ತಿದ್ದೆ. ಮೇಲ್ ಹೋಗಲು ನಾಲ್ಕೈದು ಸೆಕೆಂಡ್. ಅಷ್ಟರಲ್ಲಿ ಇನ್ನೊಬ್ಬರು ಬಂದರೆ ಡಿಬಿಎ ಓಪನ್ ಕಾಯುವುದಿಲ್ಲ, ಫಾಲ್ಸ್, ಅಂದರೆ ಆಗಲಿಲ್ಲ ಅಂತ ವಾಪಸ್ ಕೊಡುತ್ತದೆ. ನಾನು ಅದನ್ನು ನೋಡಲೇ ಇಲ್ಲ. ಅವರಿಗೂ ಧನ್ಯವಾದ ಅಂತ ಪುಟ ತೋರಿಸಿದೆ. ಹೆಸರು ಮಾತ್ರ ಸೇರಲಿಲ್ಲ.

ನಾಗರಾಜ: ಅಂದರೆ ನಾನು ಹೆಸರು ಕೊಟ್ಟಿದ್ದೆ!

ಸುಧಾ: ಕೊಟ್ಟಿದ್ದೆ. ಏಳು ವರ್ಷ ತಡವಾಗಿ ಕ್ಷಮೆ ಕೇಳುತ್ತಿದ್ದೇನೆ.

ಪ್ರಕಾಶ: ನೋಡಿದಿರಾ? ಅದಕ್ಕೇ ಹೇಳಿದ್ದು. ಈ ಸಲ ಬೆಳ್ಳಿಹಬ್ಬ. ನೋಂದಣಿ ಲಿಂಕ್ ಗುಂಪಿಗೆ ಬಿದ್ದ ಕೂಡಲೇ ಎಲ್ಲರೂ ಒಟ್ಟಿಗೆ ಒತ್ತುತ್ತಾರೆ.

ಸುಧಾ: ಈಗ ಮೇಲ್ ಕೆಲಸವನ್ನು ಮುಚ್ಚಿದ ಮೇಲೆ ಮಾಡುತ್ತೇನೆ. ಫಾಲ್ಸ್ ಬಂದರೆ ಸ್ವಲ್ಪ ತಡೆದು ಮತ್ತೆ ತೆರೆಯುತ್ತೇನೆ, ಹತ್ತು ಸಲದ ತನಕ. ಡಿಬಿಎ ರಿಪ್ಲೇಸ್ ಬದಲು ಇನ್ಸರ್ಟ್ ಹಾಕಿದ್ದೇನೆ. ಆ ಟೋಕನ್ ಆಗಲೇ ಇದ್ದರೆ ಅದು ಒಪ್ಪಲ್ಲ, ಹಾಗಾಗಿ ಒಬ್ಬರ ಮೇಲೆ ಇನ್ನೊಬ್ಬರು ಕೂರುವುದಿಲ್ಲ.

ಶಾಹಿನ್: ಅಷ್ಟೆಲ್ಲ ಸರ್ಕಸ್ ಯಾಕೆ? ನನ್ನ ಮಾತು ಕೇಳಿ. ನಮ್ಮ ಹತ್ತಿರ ಇರುವುದು ಎರಡು ಬೇರೆ ಕೆಲಸ. ವಿಳಾಸದ ಪಟ್ಟಿ ವರ್ಷಕ್ಕೆ ಒಂದೆರಡು ಸಲ ಬದಲಾಗುತ್ತದೆ, ಓದುವುದೇ ಜಾಸ್ತಿ. ಅದಕ್ಕೆ ಸಿಡಿಬಿ ಸಾಕು, ಡಾನ್ ಬರ್ನ್‌ಸ್ಟೈನ್ ಮಾಡಿದ ಇನ್ನೊಂದು ಫೈಲ್ ಡೇಟಾಬೇಸ್. ತಿದ್ದಲು ಬರುವುದೇ ಇಲ್ಲ. ಹೊಸ ಫೈಲ್ ಪೂರ್ತಿ ಕಟ್ಟಿ, ಹಳೆಯದರ ಹೆಸರು ಕೊಟ್ಟು ಅದರ ಜಾಗಕ್ಕೆ ಕೂರಿಸಿದರೆ ಆಯಿತು. ಓದುವವರಿಗೆ ಬೀಗದ ತಾಪತ್ರಯವೇ ಇಲ್ಲ. ಹಳೆಯದು ಹೋಯಿತು ಅಂದರೆ ನಾಗರಾಜನ ಟ್ರಂಕೂ ಹೋಯಿತು. ನೋಂದಣಿಗೆ ಎಸ್‌ಕ್ಯೂಲೈಟ್ ಹಾಕಿ. ಊಟ ಎಷ್ಟು, ಊರು ಯಾವುದು ಅಂತ ಒಂದೇ ಸಾಲಿನಲ್ಲಿ ಕೇಳಬಹುದು. ಇಷ್ಟು ಹೊತ್ತು ಕಾಯಿ ಅಂತ ಹೇಳಿದರೆ ಕಾಯುತ್ತದೆ.

ಪ್ರಕಾಶ: ಎಸ್‌ಕ್ಯೂಲೈಟ್ ಆದರೆ ನನ್ನದು ತಕರಾರಿಲ್ಲ. ಅದು ನಿಜವಾದ ಡೇಟಾಬೇಸ್.

ಸುಧಾ: ಅದೂ ಒಂದು ಫೈಲೇ ಕಣೋ ಪ್ರಕಾಶ. ಪಬ್ಲಿಕ್ ಫೋಲ್ಡರಿನಲ್ಲಿ ಇಟ್ಟರೆ ಅದೂ ಹೀಗೇ ಇಳಿದುಬರುತ್ತದೆ.

ಪ್ರಕಾಶ: …

ಮೇಷ್ಟ್ರು: ಇವತ್ತು ಹಾಜರಿ ಇಬ್ಬರಿಗೂ ಅರ್ಧ ಅರ್ಧ.

ಶಾಹಿನ್: ಸುಧಾ, ಇನ್ನೊಂದು. ಹೋಸ್ಟಿಂಗ್ ಬದಲಿಸುತ್ತೇವೆ ಅಂದಿದ್ದೆಯಲ್ಲ, ಹೊಸ ಕಡೆ ಯಾವ್ಯಾವ ಬಗೆಯ ಫೈಲ್ ತೆರೆಯಬಹುದು ಅಂತ ಡಿಬಿಎ ಹ್ಯಾಂಡ್ಲರ್ಸ್ ಹೇಳುತ್ತದೆ?

ಸುಧಾ: ಈಗ ನೋಡಿದೆ. ಸಿಡಿಬಿ, ಫ್ಲಾಟ್‌ಫೈಲ್, ಐಎನ್ಐಫೈಲ್. ಜಿಡಿಬಿಎಂ ಇಲ್ಲ.

ಶಾಹಿನ್: ಹಾಗಾದರೆ ಹಳೇ ಕಡೆ ಇರುವಾಗಲೇ ಎಲ್ಲವನ್ನೂ ಓದಿ ಜೇಸನ್ ಆಗಿ ಬರೆದಿಟ್ಟುಕೋ. ಜಿಡಿಬಿಎಂ ಫೈಲನ್ನು ಹಾಗೇ ಹೊತ್ತುಕೊಂಡು ಹೋದರೆ ಅಲ್ಲಿ ತೆರೆಯುವವರಿಲ್ಲ. ಒಂದು ಬಗೆಯ ಮಷೀನಿನಲ್ಲಿ ಬರೆದದ್ದು ಇನ್ನೊಂದು ಬಗೆಯದರಲ್ಲಿ ತೆರೆಯದೆಯೂ ಇರಬಹುದು.

ಸುಧಾ: ಸರಿ. ಸಿಡಿಬಿ ಮಾತು ಒಪ್ಪಿದೆ. ನೋಂದಣಿಯದು ಸಂಜೆ ಮಾತಾಡೋಣ, ನನ್ನ ಜಿಡಿಬಿಎಂ ಅನ್ನು ಅಷ್ಟು ಸುಲಭಕ್ಕೆ ಬಿಡಲ್ಲ. ಸದ್ಯಕ್ಕೆ ಫೈಲನ್ನು ಮೇಲಿನ ಫೋಲ್ಡರಿಗೆ ಸಾಗಿಸಿದೆ. ಪ್ರಕಾಶ, ಈಗ ಒತ್ತಿ ನೋಡು.

ಪ್ರಕಾಶ: 404.

ನಾಗರಾಜ: ನನ್ನ ನಂಬರ್?

ಸುಧಾ: ಆಪ್ಟಿಮೈಸ್ ಕೊಟ್ಟು ಫೈಲ್ ಒಳಗೆ ಹುಡುಕಿದೆ. ಇಲ್ಲ. ನಿನ್ನ ಲ್ಯಾಪ್‌ಟಾಪಿನಲ್ಲಿ ಇರುವುದನ್ನು ನೀನೇ ಅಳಿಸು.

ನಾಗರಾಜ: ಅಳಿಸಿದೆ. ಈಗ ಹೊಸ ನಂಬರ್ ಹಾಕಿ ನನ್ನ ಹೆಸರು ಸೇರಿಸು. ಊಟಕ್ಕೆ ಇಬ್ಬರು. ಸೇರಿತು ಅಂತ ಸ್ಕ್ರೀನ್‌ಶಾಟ್ ಹಾಕು, ಧನ್ಯವಾದದ ಪುಟ ಬೇಡ.