ಎಸ್‌ಎಸ್‌ಎಲ್‌ಸಿ ಫಲಿತಾಂಶ: ಮಕ್ಕಳು ಹಿಂದೆ ಬೀಳುವುದಕ್ಕೆ ಮೂಲ ಕಾರಣ ಯಾವುದು?

ಪ್ರಶ್ನೆ – ಗಣಿತ ಶಿಕ್ಷಕಿ, ಸುರಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇ. 94ರಷ್ಟು ಫಲಿತಾಂಶ ಪಡೆದು ಮೊದಲ ಸ್ಥಾನದಲ್ಲಿದ್ದರೆ, ನಮ್ಮ ಯಾದಗಿರಿ ಶೇ. 50.59ರೊಂದಿಗೆ ಕೊನೆಯಲ್ಲಿತ್ತು. ಪಠ್ಯಪುಸ್ತಕವೂ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ನಾವು ಬೆಳಿಗ್ಗೆ, ಸಂಜೆ ವಿಶೇಷ ತರಗತಿ ನಡೆಸುತ್ತೇವೆ, ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಸಾಕಾಗುವಷ್ಟು ಮುಖ್ಯ ಪ್ರಶ್ನೋತ್ತರಗಳ ಸಂಗ್ರಹ) ಕೊಟ್ಟು ಮತ್ತೆ ಮತ್ತೆ ಬರೆಸುತ್ತೇವೆ. ಆದರೂ ಅನೇಕ ಮಕ್ಕಳು ಗಣಿತದಲ್ಲಿ ದಡ ಸೇರುವುದಿಲ್ಲ. ಮನೆಯ ಪರಿಸ್ಥಿತಿ, ಶಿಕ್ಷಕರ ಕೊರತೆ, ಮಗುವಿನ ಆಸಕ್ತಿ, ಇವುಗಳಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕೆಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ನಿವೃತ್ತ ಮುಖ್ಯ ಶಿಕ್ಷಕ, ರಾಯಚೂರು

ಮೇಡಂ, ದಯವಿಟ್ಟು ಹಾಜರಿ ಪುಸ್ತಕವನ್ನು ತಿಂಗಳವಾರು ಬಿಡಿಸಿ ನೋಡಿ. ಹತ್ತಿ ಬಿಡಿಸುವ ಕೆಲಸ ಶುರುವಾಯಿತೆಂದರೆ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಸಾಲುಗಟ್ಟುತ್ತದೆ, ಏಕೆಂದರೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವಲ್ಲಿ ಮನೆಯ ಪ್ರತಿಯೊಬ್ಬರ ಕೈಯೂ ದುಡಿಯಬೇಕಾಗುತ್ತದೆ. ತಂದೆ ತಾಯಿ ಗುಳೆ ಹೋದ ಮನೆಯಲ್ಲಿ ಅಜ್ಜಿಯ ಜೊತೆ ಉಳಿದ ಹುಡುಗಿಯೇ ಅಡುಗೆ ಮಾಡಿ, ನೀರು ತಂದು, ತಮ್ಮ ತಂಗಿಯರನ್ನು ಶಾಲೆಗೆ ಕಳುಹಿಸಿ, ಎರಡನೆಯ ಪಿರಿಯಡ್ಡಿಗೆ ಬರುತ್ತಾಳೆ. ಇದಕ್ಕೆ ಆಸಕ್ತಿಯ ಕೊರತೆ ಎಂಬ ಹೆಸರಿಡುವುದು ಅನ್ಯಾಯ. ವರ್ಷದ ಮಧ್ಯದಲ್ಲಿ ಬಂದು ಹೋಗುವ ಅತಿಥಿ ಶಿಕ್ಷಕರ ಸಮಸ್ಯೆಯೂ ಇದೆ, ಆದರೆ ಮಗುವೇ ತರಗತಿಯಲ್ಲಿ ಇಲ್ಲದಿದ್ದರೆ ಶಿಕ್ಷಕರಿದ್ದೂ ಪ್ರಯೋಜನವಿಲ್ಲ.

ಉತ್ತರ – ಕನ್ನಡ ಶಿಕ್ಷಕ, ಕುಂದಾಪುರ

ಗುರುಗಳ ಮಾತನ್ನು ಒಪ್ಪುತ್ತೇನೆ. ಆದರೆ ತಪ್ಪದೆ ಶಾಲೆಗೆ ಬರುವ ಮಕ್ಕಳೂ ಅನುತ್ತೀರ್ಣರಾಗುವುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಉತ್ತರ ಓದಿನಲ್ಲಿದೆ. ‘ಕಂಬದ ಬುಡದಿಂದ 15 ಮೀಟರ್ ದೂರದ ಬಿಂದುವಿನಿಂದ ಕಂಬದ ತುದಿಯನ್ನು ನೋಡಿದಾಗ ಉನ್ನತ ಕೋನ 60 ಡಿಗ್ರಿ ಇದ್ದರೆ ಕಂಬದ ಎತ್ತರವೆಷ್ಟು’ ಎಂದು ಕೇಳಿ ನೋಡಿ. ತ್ರಿಕೋನಮಿತಿಯ ಕೋಷ್ಟಕವನ್ನು ಬಾಯಿಪಾಠ ಒಪ್ಪಿಸುವ ಹುಡುಗನೇ ಇಲ್ಲಿ ಚಿತ್ರ ಬರೆಯಲಾಗದೆ ಪೆನ್ನು ಹಿಡಿದು ಕೂರುತ್ತಾನೆ. ವಾಕ್ಯದ ಅರ್ಥ ಅವನಿಗೆ ದಕ್ಕಿಲ್ಲ. ನಮ್ಮ ಕಡೆ ಅನೇಕ ತಾಯಂದಿರು ತಾವೇ ಪ್ರೌಢಶಾಲೆ ಮುಗಿಸಿದವರಾದ್ದರಿಂದ ಮಗು ತಡವರಿಸುವುದು ಮನೆಯಲ್ಲೇ ಬೇಗ ಗೊತ್ತಾಗುತ್ತದೆ. ಆ ಅನುಕೂಲವಿಲ್ಲದ ಕಡೆ ಶಾಲೆಯೇ ಅದನ್ನು ಎಂಟನೇ ತರಗತಿಯ ಜೂನ್‌ನಲ್ಲಿ ಪತ್ತೆಹಚ್ಚಬೇಕು. 2024ರಲ್ಲಿ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ನಂತರವೂ ನೀವು ಹೇಳಿದ ಶೇ. 50.59 ಬಂದಿದೆ ಎಂಬುದನ್ನು ನೆನೆದರೆ, ಹತ್ತನೇ ತರಗತಿಯ ಕೊನೆಯ ತಿಂಗಳುಗಳ ಪಾಸಿಂಗ್ ಪ್ಯಾಕೇಜ್ ಎಷ್ಟು ತಡವಾದ ಉಪಾಯವೆಂಬುದು ಸ್ಪಷ್ಟವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಈ ಜೂನ್‌ನಲ್ಲಿ ಎಂಟನೇ ತರಗತಿಯ ಪ್ರತಿ ಮಗುವಿನಿಂದ ಗಣಿತ ಪುಸ್ತಕದ ಒಂದು ಪುಟವನ್ನು ಓದಿಸಿ, ಅರ್ಥ ಹೇಳಿಸುತ್ತೇನೆ. ತಾಂಡಾಗಳಿಂದ ಬರುವ, ಮನೆಯಲ್ಲಿ ಲಂಬಾಣಿ ಮಾತನಾಡುವ ಮಕ್ಕಳಿಗೆ ಇದೇ ಕ್ರಮ ಸಾಕೇ, ಅಥವಾ ಅವರಿಗೆ ಬೇರೆ ರೀತಿಯ ಸಿದ್ಧತೆ ಬೇಕೇ ಎಂಬುದನ್ನು ಅಂಥ ಶಾಲೆಗಳಲ್ಲಿ ಕಲಿಸಿದವರು ದಯಮಾಡಿ ತಿಳಿಸಿ.